ಶೇರುದಾರರಿಗೊಂದು ಸರಳ ವರದಿ

ಹೊಸಮನೆಯ ಶ್ರೀಗೌರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಲು ಒಡೆದರೆ, ಬಸ್ಸು ತಪ್ಪಿದರೆ ಬರುವ ಸಿಟ್ಟಲ್ಲ ಅದು. ಅರ್ಥವಾಗದಂತೆ ಬರೆದ ಕಾಗದ ಕಂಡರೆ ಬರುವ ಸಿಟ್ಟು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಕಂಪನಿಗಳ ವಾರ್ಷಿಕ ವರದಿ ಕೈಗೆತ್ತಿಕೊಂಡರೆ ವಿದ್ಯಾರ್ಥಿಗಳ ಮುಂದೆಯೇ ಬೈಯುತ್ತಿದ್ದಳು. "ದುಡ್ಡು ಹಾಕಿದೋರಿಗೆ ತಿಳೀಬಾರ್ದು ಅಂತಾನೇ ಇಷ್ಟು ದಪ್ಪ ಮಾಡಿರ್ತಾರೆ ಕಣ್ರೋ."

ಅವಳ ಬಾಯಿಯ ಸುದ್ದಿ ಭದ್ರಾವತಿಯ ಎರಕದ ಕಂಪನಿಯೊಂದರವರೆಗೂ ಮುಟ್ಟಿತು. ಆ ಕಂಪನಿಯ ಕಾರ್ಯದರ್ಶಿ ಜ್ಞಾನೇಶ್ ಮನೆಗೇ ಬಂದು, ಇಂಗ್ಲಿಷ್ ವರದಿಯನ್ನು ಸರಳ ಕನ್ನಡಕ್ಕೆ ಇಳಿಸಿಕೊಡಿ ಎಂದು ಕೇಳಿದ. ಶೇರುದಾರರಲ್ಲಿ ಮುಕ್ಕಾಲು ಪಾಲು ನ್ಯೂ ಟೌನಿನ ನಿವೃತ್ತ ಕಾರ್ಮಿಕರು. ಅವಳ ಅಪ್ಪನ ಜೊತೆ ಕೆಲಸ ಮಾಡಿದ್ದ ಚೌಡಪ್ಪ ಮಾಮ, ಹೆಂಡತಿ ಕರಿಬಸಮ್ಮತ್ತೆಯನ್ನು ಒಪ್ಪಿಸಿ, ಪಿ.ಎಫ್. ದುಡ್ಡನ್ನು ಅಲ್ಲೇ ಹಾಕಿದ್ದರು. ಶ್ರೀಗೌರಿ ತಕ್ಷಣ ಒಪ್ಪಿದಳು.

ವರದಿಯ ಕೊನೆಯ ಟಿಪ್ಪಣಿಗಳಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಒಂದು ಸಂಗತಿ ಅಡಗಿ ಕೂತಿತ್ತು. ಅದನ್ನು ಅವಳು ಎಳೆದು ತಂದು ಮೊದಲ ಪುಟದಲ್ಲೇ ಬರೆದಳು: "ಅಧ್ಯಕ್ಷರ ಭಾಮೈದನ ಕಂಪನಿಗೆ ನಿಮ್ಮ ದುಡ್ಡಿನಿಂದ ಸಾಲ ಕೊಟ್ಟಿದ್ದೇವೆ. ಅದು ವಾಪಸ್ ಬಂದಿಲ್ಲ. ಇನ್ನಷ್ಟು ಕೊಡಲು ಈಗ ನಿಮ್ಮ ಒಪ್ಪಿಗೆ ಬೇಕು."

ಜ್ಞಾನೇಶನ ಮುಖ ಹುಳ್ಳಗಾಯಿತು. "ಸರಳ ಅಂದ್ರೆ ಇಷ್ಟೊಂದು ಬೇಡ ಮೇಡಂ. ಸ್ವಲ್ಪ ಮೆತ್ತಗೆ ಮಾಡಿ."

"ಮೆತ್ತಗೆ ಮಾಡಕ್ಕೆ ಇದೇನು ಇಡ್ಲಿನಾ ಸರ್? ಇದ್ದದ್ದು ಇದ್ದಂಗೇ ಇರ್ಲಿ."

ಅವನು ಆಗಲಿ ಎಂದು ತಲೆಯಾಡಿಸಿದ. ಮುಖಪುಟದಲ್ಲಿ ಹೆಸರು ಹಾಕ್ತೀವಿ, ಶೇರುದಾರರ ವಾರ್ಷಿಕ ಸಭೆಯಲ್ಲಿ ಸನ್ಮಾನ ಮಾಡ್ತೀವಿ ಎಂದ. ಹಿಗ್ಗಿ ಹೀರೇಕಾಯಿಯಾದ ಶ್ರೀಗೌರಿ ಕೊನೆಯ ಪ್ರೂಫ್ ಕೇಳುವುದನ್ನೇ ಮರೆತಳು. ಊರಿನ ಕಾಗದಗಳನ್ನೆಲ್ಲ ಜರಡಿ ಹಿಡಿಯುವವಳು ತನ್ನದನ್ನು ಹಿಡಿಯಲಿಲ್ಲ.

ನ್ಯೂ ಟೌನಿನ ಸಮುದಾಯ ಭವನದ ವೇದಿಕೆಯಲ್ಲಿ ಶಾಲು ಹೊದಿಸಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಅಚ್ಚಾದ ಪುಸ್ತಿಕೆ ಅವಳ ಕೈಗೆ ಸಿಕ್ಕಿದ್ದು ಆಗಲೇ. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಅವಳ ಹೆಸರು. ಒಳಗೆ ಅವಳ ಮಾತು ಇರಬೇಕಾದ ಕಡೆ: "ನಮ್ಮ ಬಳಗದ ಇನ್ನೊಂದು ಕಂಪನಿಯನ್ನೂ ಕೈಹಿಡಿದು ಬೆಳೆಸುತ್ತಿದ್ದೇವೆ. ನಿಮ್ಮ ಬೆಂಬಲ ಹೀಗೇ ಇರಲಿ."

ಅವಳ ಮೈಯೆಲ್ಲ ಉರಿದುಹೋಯಿತು. ಅವಳದೇ ಶೈಲಿ ಕಲಿತು, ಅವಳದೇ ಸರಳ ಕನ್ನಡದಲ್ಲಿ ಕಣ್ಣಿಗೆ ಮಣ್ಣೆರಚಿದ್ದರು ಆ ಕಳ್ಳರು. ಅವಳು ತಲೆ ಎತ್ತುವಷ್ಟರಲ್ಲಿ ಅಧ್ಯಕ್ಷರು ಸಾಲದ ಠರಾವಿಗೆ ಒಪ್ಪಿಗೆ ಕೇಳಿ ಆಗಿತ್ತು. ಸಭೆಯ ತುಂಬ ಕೈಗಳು.

ಬುಟ್ಟಿ ಕೆಳಗಿಟ್ಟು ಅವಳು ಮೈಕ್ ಕಿತ್ತುಕೊಂಡಳು. "ಇದು ನಾನು ಬರ್ದಿದ್ದಲ್ಲ. ನಿಮ್ಮ ದುಡ್ಡು ಈ ಅಧ್ಯಕ್ಷರ ಭಾಮೈದನ ಕಂಪನಿಗೆ ಹೋಗಿದೆ, ವಾಪಸ್ ಬಂದಿಲ್ಲ."

"ಮೇಡಂ ಶೇರುದಾರರಲ್ಲ. ಮಾತಾಡಂಗಿಲ್ಲ," ಎಂದ ಜ್ಞಾನೇಶ್. ಮೈಕ್ ಸತ್ತಿತು. ಅವಳು ಬರಿ ಗಂಟಲಲ್ಲೇ ಕೂಗಿದಳು. ಠರಾವು ಪಾಸಾಗಿದೆ, ಊಟಕ್ಕೆ ಏಳಿ ಎಂದರು ಅಧ್ಯಕ್ಷರು. ಜನ ಕೆಲವರು ಗೊಣಗಿದರು, ಉಳಿದವರು ಎದ್ದರು.

ಶಾಲನ್ನು ಮೇಜಿನ ಮೇಲೆ ಬಿಸಾಕಿ ಕೆಳಗಿಳಿದರೆ, ಮೆಟ್ಟಿಲ ಬುಡದಲ್ಲಿ ಚೌಡಪ್ಪ ಮಾಮ ನಿಂತಿದ್ದರು.

"ನಂಗೂ ಮೋಸ ಮಾಡಿದ್ರು ಮಾಮ."

"ಇಷ್ಟು ವರ್ಷ ಇವರ ವರದಿ ಒಂದಕ್ಷರ ತಿಳೀತಿರ್ಲಿಲ್ಲ ಕಣಮ್ಮ. ತಿಳೀದಿದ್ದಕ್ಕೆ ಒಪ್ಪಿಗೆ ಯಾಕೆ ಕೊಡೋದು ಅಂತ ನಾನು ಯಾವತ್ತೂ ಕೈ ಎತ್ತಿರ್ಲಿಲ್ಲ." ಅವರ ದನಿ ಏರಲಿಲ್ಲ. "ಈ ಸಲ ನಿನ್ನ ಹೆಸರು ನೋಡ್ದೆ. ಓದಿದ್ದು ತಿಳೀತು. ಮೊದ್ಲು ಕೈ ಎತ್ತಿದ್ದು ನಾನೇ. ನನ್ನ ನೋಡಿ ನಮ್ಮ ಕ್ವಾರ್ಟರ್ಸ್ ಲೈನಿನೋರೆಲ್ಲ ಎತ್ತಿದ್ರು. ಈಗ ಮನೆಗೆ ಹೋಗಿ ನಿಮ್ಮತ್ತೆಗೆ ಏನಂತ ಹೇಳ್ಲಿ? ಅದನ್ನೂ ಸರಳವಾಗಿ ನೀನೇ ಬರ್ದುಕೊಡು."