ಆಯಮ್ಮ ಏನಂದ್ಲು?

ಹೋದ ವಾರ ಕೊಳ್ಳೇಗಾಲದ ಹಳೇ ಬೀದಿಯೊಂದರಲ್ಲಿ ನಡೆದು ಹೋಗುತ್ತಿದ್ದೆ. ಯಾರದೋ ಹಿತ್ತಿಲಲ್ಲಿ ರೇಷ್ಮೆಗೂಡು ಬೇಯುತ್ತಿತ್ತು. ಆ ವಾಸನೆಯ ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ನಿಂತುಬಿಟ್ಟೆ... ನನ್ನ ಸೀನಿಯರ್ ವಕೀಲರ ಜಗಲಿಗೆ ಹಗಲೆಲ್ಲ ಬಡಿಯುತ್ತಿದ್ದುದು ಇದೇ ವಾಸನೆ. ಅವರ ಕರೀಕೋಟಿಗೂ, ಕಟ್ಟುಕಟ್ಟು ಕಾಗದಕ್ಕೂ, ನನ್ನ ಬುತ್ತಿ ಡಬ್ಬಿಗೂ ಅದು ಹತ್ತಿಕೊಂಡಿತ್ತು.

ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ನಮ್ಮ ಜಿಲ್ಲಾ ಕೋರ್ಟು ಮಾತ್ರ ದೂರದ ಕೊಯಮತ್ತೂರಿನಲ್ಲಿ. ಇಲ್ಲಿನ ಕೋರ್ಟಿಗೆ ಮುನ್ಸೀಫರು ತಮಿಳು ಸೀಮೆಯಿಂದ ಬರುತ್ತಿದ್ದರು, ಕಾಗದಪತ್ರ ಇಂಗ್ಲಿಷಿನಲ್ಲಿ ಓಡಾಡುತ್ತಿತ್ತು, ಹೊಲ ಕಳೆದುಕೊಂಡವನು ಕನ್ನಡದಲ್ಲಿ ಅಳುತ್ತಿದ್ದ. ನಾನು ಮದ್ರಾಸಿನಲ್ಲಿ ಲಾ ಓದಿ, ತಲೆತುಂಬ ಸೆಕ್ಷನ್ನು ತುಂಬಿಕೊಂಡು ಬಂದಿದ್ದೆ. ಸೀನಿಯರ್ ಆರು ತಿಂಗಳು ನನಗೆ ಪುಸ್ತಕ ಮುಟ್ಟಗೊಡಲಿಲ್ಲ. ಹನೂರು, ಬಂಡಳ್ಳಿ, ಅಜ್ಜೀಪುರ ಅಂತ ಕಕ್ಷಿಗಾರರ ಹೊಲ ನೋಡಿಕೊಂಡು ಬರಲು ಅಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ನಡೆಸಿದ ದಾವೆಗಿಂತ ಮಾಡಿಸಿದ ರಾಜಿಯೇ ಹೆಚ್ಚು. ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಾನೆ ಎಂದು ಉಳಿದ ವಕೀಲರು ಬೈದುಕೊಳ್ಳುತ್ತಿದ್ದರು. ರಾಜಿಗೆ ಅವರದೇ ಒಂದು ಪದ್ಧತಿ ಇತ್ತು. ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಒಬ್ಬನ ತಕರಾರನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸುತ್ತಿದ್ದರು. "ಊಂ, ಅಷ್ಟೇ ಕಣ್ರಿ ನಂದು" ಎಂದು ಎದುರಿನವನು ಒಪ್ಪುವವರೆಗೆ ಬಿಡುತ್ತಿರಲಿಲ್ಲ. ಅರ್ಧ ಜಗಳ ಅಲ್ಲೇ ಸಾಯುತ್ತಿತ್ತು.

ಧನಗೆರೆಯ ವಿಧವೆಯೊಬ್ಬಳ ದಾವೆ ನಮ್ಮಲ್ಲಿತ್ತು. ಗಂಡನ ಅಣ್ಣ ತನ್ನ ಹೊಲಕ್ಕೆ ಮುಳ್ಳುಬೇಲಿ ಹಾಕಿ, ಆಕೆ ಹಿಪ್ಪುನೇರಳೆ ತೋಟದಿಂದ ಮನೆಗೆ ಬರುವ ದಾರಿ ಮುಚ್ಚಿದ್ದ. ಕೆರೆ ಏರಿ ಸುತ್ತಿ ಬರುವಷ್ಟರಲ್ಲಿ ಬಿಸಿಲಿಗೆ ಸೊಪ್ಪು ಬಾಡುತ್ತಿತ್ತು. ಬಾಡಿದ ಸೊಪ್ಪನ್ನು ರೇಷ್ಮೆಹುಳು ಮುಟ್ಟುವುದಿಲ್ಲ. ಆಕೆಯ ಬದುಕು ನಡೆಯುತ್ತಿದ್ದುದೇ ಆ ಹುಳುಗಳಿಂದ.

ಊರಿನ ಯಜಮಾನರು ನನ್ನನ್ನೇ ಕರೆಸಿಕೊಂಡರು. ಭಾವ ವರ್ಷವರ್ಷ ರಾಗಿ ಅಳೆದು ಕೊಡುತ್ತಾನೆ, ಆಕೆ ದಾರಿಯ ಮಾತು ಬಿಡಲಿ ಎಂದರು. ಎಂಥಾ ಚಂದದ ರಾಜಿ! ಅಲ್ಲೇ ಕೂತು ಚೊಕ್ಕ ಇಂಗ್ಲಿಷಿನಲ್ಲಿ ಬರೆದೆ, ಹೆಬ್ಬೆಟ್ಟು ಹಾಕಿಸಿದೆ, ಎದುರು ವಕೀಲರ ಕೈಗೂ ಒಂದು ಪ್ರತಿ ಕೊಟ್ಟೆ. ಆಮೇಲೆ ಶಭಾಷ್ ಅನ್ನಿಸಿಕೊಳ್ಳಲು ಸೀನಿಯರ್ ಮುಂದೆ ಬಂದು ನಿಂತೆ.

ಅವರು ಕಾಗದ ಓದಲೇ ಇಲ್ಲ. "ಆಯಮ್ಮ ಏನಂದ್ಲು?" ಎಂದರು.

ಆಕೆಯನ್ನು ನಾನು ಕೇಳಿರಲೇ ಇಲ್ಲ. ಮಾತಾಡಿದ್ದೆಲ್ಲ ಯಜಮಾನರು. ಆಕೆ ಕಂಬದ ಹಿಂದೆ ನಿಂತಿದ್ದಳು...

ಮಾರನೇ ಬೆಳಿಗ್ಗೆ ಇಬ್ಬರನ್ನೂ ಜಗಲಿಗೆ ಕರೆಸಿದರು. "ಆಯಮ್ಮನ ತಕರಾರೇನು? ನಿಮ್ ಬಾಯಲ್ಲಿ ಹೇಳಿ" ಎಂದು ಭಾವನನ್ನು ಕೇಳಿದರು.

"ಎಂಗ್ಸಿನ ಮಾತ ನನ್ ಬಾಯಲ್ಲಿ ಆಡಾದಾ? ಎಬ್ಬೆಟ್ಟು ಒತ್ತವ್ಳಲ್ಲ, ಮುಗೀತು ಕಣ್ರಿ" ಎಂದು ಅವನು ಟವಲು ಕೊಡವಿ ಎದ್ದ.

"ಹಂಗಾದ್ರೆ ರಾಜಿ ಇಲ್ಲ. ಕೋರ್ಟಲ್ಲೇ ನೋಡ್ಕಳಣ" ಎಂದರು ಸೀನಿಯರ್. ಧನಗೆರೆಯ ದೊಡ್ಡ ಕುಳಗಳೆಲ್ಲ ಆ ಭಾವನ ಕಡೆಯವರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೋರ್ಟಿನಲ್ಲಿ ಎದುರು ವಕೀಲರು ನಾನು ಬರೆದ ಕಾಗದವನ್ನೇ ಎತ್ತಿ ಹಿಡಿದರು. ಮುನ್ಸೀಫರು ಸಿಡುಕಿದರು. ಹೆಬ್ಬೆಟ್ಟು ಬಿದ್ದ ಮೇಲೆ ಇನ್ನೇನು, ಇದನ್ನು ಹಾಕಿಸಿದವರು ಯಾರು ಎಂದು ಕೇಳಿದರು. ಸೀನಿಯರ್ ಎದ್ದು, ತಪ್ಪು ತಮ್ಮ ಆಫೀಸಿನದು, ಹೊಣೆ ತಮ್ಮದು ಎಂದರು. ಈ ಕಾಗದವನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಿ ಆಕೆಯ ಮಾತು ಕೇಳುವವರೆಗೆ ತಾವು ಕೂರುವುದಿಲ್ಲ ಎಂದೂ ಹೇಳಿದರು. ಬೇರೆ ಕೇಸು ಕರೆದರು, ಇವರು ನಿಂತೇ ಇದ್ದರು. ಮುನ್ಸೀಫರು ಎರಡು ಸಲ ಗದರಿಸಿದರು, ಆಗಲೂ ನಿಂತೇ ಇದ್ದರು. ಕೊನೆಗೆ ಗುಮಾಸ್ತನೊಬ್ಬ ಓದಿ ಹೇಳಿದ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂಗೆ ಅವ್ನ ರಾಗಿ ಬ್ಯಾಡ ಬುದ್ದಿ. ನನ್ ದಾರಿ ಬೇಕು. ತಿರ್ಕಂಡು ತಿನ್ನಕ್ಕೆ ಬಂದಿಲ್ಲ ನಾನು."

ರಾಜಿ ಬಿದ್ದುಹೋಯಿತು. ದಾವೆ ನಡೆದು, ಬೇಲಿ ಕೀಳಬೇಕೆಂದು ತೀರ್ಪಾಯಿತು. ಅಷ್ಟರಲ್ಲಿ ಆಕೆಯ ಎರಡು ಬೆಳೆ ಹುಳು ಸತ್ತಿದ್ದವು. ಧನಗೆರೆಯಿಂದ ನಮ್ಮ ಜಗಲಿಗೆ ಮತ್ತೆ ಒಬ್ಬ ಕಕ್ಷಿಗಾರನೂ ಬರಲಿಲ್ಲ. ನಾನು ಪೇಚಾಡಿಕೊಂಡರೆ ಅವರು, "ಬರ್ದೆ ಹೋದ್ರೆ ಹೋಗ್ಲಿ ಬಿಡಯ್ಯಾ" ಎಂದರು. ಕೊಳ್ಳೇಗಾಲ ಮೈಸೂರಿಗೆ ಸೇರುವ ಹೊತ್ತಿಗೆ ಅವರು ಇರಲಿಲ್ಲ...

ಈಗ ಕೋರ್ಟು ಕನ್ನಡ ಮಾತಾಡುತ್ತದೆ. ಆದರೂ ರಾಜಿ ಮಾಡಿಸುವ ದಿನ ಜನರನ್ನು ಸಾಲಾಗಿ ನಿಲ್ಲಿಸಿ, ಬೇಗ ಬೇಗ ಅಂತ ಸಹಿ ಹಾಕಿಸುತ್ತಾರೆ. ನಾನು ಕೋಲೂರಿಕೊಂಡು ಹೋಗಿ, ಬಾಯಿಬಿಡದೆ ನಿಂತವರನ್ನು ಹುಡುಕಿ, ನೀವೇನಂತೀರಿ ಎಂದು ಕೇಳುತ್ತೇನೆ. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ಹುಡುಗ ವಕೀಲರು ಗೊಣಗುತ್ತಾರೆ. ಗೊಣಗಲಿ. ಉಸಿರಿರುವವರೆಗೆ ಕೇಳುತ್ತೇನೆ.

ಯಾಕೆಂದರೆ ಅಂದು ಧನಗೆರೆಯಲ್ಲಿ ಆಕೆ ತಾನಾಗಿ ಹೆಬ್ಬೆಟ್ಟು ಒತ್ತಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಹಿಡಿದು ಒತ್ತಿಸಿದವನು ನಾನು. ಸೀನಿಯರಿಗೆ ಅದನ್ನು ಹೇಳಲಿಲ್ಲ. ನನ್ನ ತಪ್ಪನ್ನು ಮೈಮೇಲೆ ಹಾಕಿಕೊಂಡು ಅವರು ಕೋರ್ಟಿನಲ್ಲಿ ನಿಂತಿದ್ದಾಗಲೂ ಹೇಳಲಿಲ್ಲ. ಆಕೆಯ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕು ಅಂದುಕೊಂಡೇ ವರ್ಷಗಳು ಕಳೆದವು. ಈಗ ಇಬ್ಬರೂ ಇಲ್ಲ.