ಜೂನ್ ಒಂದರಂದು ಹುಟ್ಟಿದವರು

ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಪೆನ್ನಿಗೆ ಶಾಯಿ ತುಂಬುತ್ತೇನೆ. ನಿವೃತ್ತನಾಗಿ ಒಂಬತ್ತು ವರ್ಷವಾಯಿತು, ಬರೆಯುವುದೇನೂ ಇಲ್ಲ. ಆದರೂ ಸೋಮವಾರ ಸೋಮವಾರವೇ. ಈ ವಾರ ಶಾಯಿಯ ವಾಸನೆ ಮೂಗಿಗೆ ಬಡಿಯುತ್ತಿದ್ದಾಗಲೇ ನನ್ನ ಹಳೆಯ ವಿದ್ಯಾರ್ಥಿನಿ ಮಂಜುಳಾ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇವಳನ್ನ ಸ್ಕೂಲಿಗೆ ಸೇರಿಸೋ ಅರ್ಜಿ ಸಾರ್. ಬರ್ಕೊಡಿ. ನಿಮ್ಮ ಅಕ್ಷರ ಮುತ್ತಿನಂಗೈತಲ್ಲ.”

ಆ ಮುತ್ತಿನ ಕಥೆಯನ್ನು ನಿಮಗೆ ಹೇಳಬೇಕು. ಜಂಗಮಕೋಟೆ ಬಳಿಯ ಶಾಲೆಯಲ್ಲಿ ನಾನು ಹೆಡ್‌ಮಾಸ್ಟರು. ದಾಖಲಾತಿ ಪುಸ್ತಕ ಬರೆಯುವವನೂ ನಾನೇ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಹಾಕುತ್ತಿದ್ದೆ. ಅರ್ಧ ಊರೇ ಒಂದೇ ದಿನ ಹುಟ್ಟಿತ್ತು. ಪುಟ ನೋಡಲು ಎಷ್ಟು ಅಚ್ಚುಕಟ್ಟು ಅನ್ನುತ್ತೀರಿ! ಮಂಜುಳಾಗೆ ಆಗ ನಾಲ್ಕೂವರೆ. “ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು ಸಾರ್, ಇವಳ್ನ ನೋಡ್ಕೊಳ್ಳೋರಿಲ್ಲ, ಸೇರಿಸ್ಕೊಂಬಿಡಿ,” ಎಂದಳು ರೇಷ್ಮೆ ಹುಳು ಸಾಕುವ ಅವಳ ತಾಯಿ. ಆರು ತುಂಬಿದೆ ಎಂದು ಬರೆದೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ.

ಪಿಯುಸಿ ಮುಗಿದ ವರ್ಷ, ಜೂನ್‌ನಲ್ಲಿ ಅವಳಿಗೆ ಮದುವೆ ಗೊತ್ತುಮಾಡಿದರು. ಮಕ್ಕಳ ಸಹಾಯವಾಣಿಗೆ ಅವಳೇ ಫೋನ್ ಮಾಡಿದಳು. ಅಧಿಕಾರಿಯೊಬ್ಬರು ಅವಳನ್ನು ಕರೆದುಕೊಂಡು ನಮ್ಮ ಶಾಲೆಗೆ ಬಂದು ಪುಸ್ತಕ ತೆಗೆಸಿದರು. ಮದುವೆಗೆ ಕಾನೂನು ಕೇಳುವ ಹದಿನೆಂಟು ಅದರಲ್ಲಿ ತುಂಬಿತ್ತು. ಹುಡುಗಿಗೆ ತುಂಬಿದ್ದು ಹದಿನಾರೂವರೆ.

“ಸಾರ್, ನಿಮಗೆ ಗೊತ್ತಲ್ವಾ? ನೀವೇ ಹೇಳಿ.”

ನನ್ನ ನಿವೃತ್ತಿಗೆ ಮೂರು ತಿಂಗಳಿತ್ತು. ಒಂದು ಸಾಲು ಸುಳ್ಳೆಂದರೆ ಇಡೀ ಪುಟ ಸುಳ್ಳಾಗುತ್ತಿತ್ತು. “ಪುಸ್ತಕದಲ್ಲಿರೋದೇ ಸರಿ ಕಣಮ್ಮ,” ಎಂದೆ. ಅಧಿಕಾರಿ ಹೊರಟುಹೋದರು. ಮುಂದಿನ ವಾರ ಅವಳನ್ನು ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟರು. ಊಟಕ್ಕೆ ನಾನೂ ಹೋಗಿದ್ದೆ, ಸರಿಯಾದ ಸಮಯಕ್ಕೆ.

ಈಗ ಅವಳ ಮಗಳ ಅರ್ಜಿ ಬಿಡಿಸಿದೆ. ಒಂದನೇ ತರಗತಿಗೆ ಜೂನ್ ಒಂದಕ್ಕೆ ಆರು ತುಂಬಿರಬೇಕು; ಆಸ್ಪತ್ರೆಯ ಜನನ ಪತ್ರದಂತೆ ಮಗುವಿಗೆ ಹನ್ನೊಂದು ದಿನ ಕಡಿಮೆ. ನಾಲಿಗೆ ಹಳೆಯ ದಾರಿ ಹಿಡಿಯಿತು: “ಹನ್ನೊಂದು ದಿನ ತಾನೇ? ಹೆಡ್‌ಮಾಸ್ಟರಿಗೆ ನಾನೊಂದು ಮಾತು ಹೇಳ್ತೀನಿ ಬಿಡು.”

“ಬ್ಯಾಡ ಸಾರ್. ಇರೋದನ್ನೇ ಬರೀರಿ. ತಗೊಳ್ದಿದ್ರೆ ಬರೋ ವರ್ಷ ಸೇರ್ತಾಳೆ. ಅವಳ ವಯಸ್ಸು ಅವಳಿಗೇ ಇರ್ಲಿ.”

ಬರೆದೆ. ಈ ಸಲ ಅಕ್ಷರ ಮುತ್ತಿನಂತಾಗಲಿಲ್ಲ. ಶಾಯಿ ಆರುವ ಮೊದಲೇ ಅವಳು ಬಗ್ಗಿ, ತಾರೀಕನ್ನು ಎರಡು ಸಲ ಓದಿದಳು.

“ಅವತ್ತು ನಾನು ಹೇಳ್ಬೇಕಾಗಿತ್ತು ಕಣಮ್ಮ.”

“ಹೂಂ ಸಾರ್. ಹೇಳ್ಬೇಕಾಗಿತ್ತು.”

ಅಷ್ಟೇ. ಅರ್ಜಿ ಮಡಚಿಕೊಂಡು, ಮಗಳನ್ನು ನಡೆಸಿಕೊಂಡು ಹೋದಳು.

ಎಂಟಕ್ಕೆ ಸರಿಯಾಗಿ ಹೆಂಡತಿ ತಿಂಡಿಗೆ ಕರೆದಳು. ಎಂದೂ ಹೊತ್ತು ತಪ್ಪಿಸದ ನಾನು, ತಡವಾಗುತ್ತೆ, ನೀನು ತಿನ್ನು ಎಂದೆ.