ಹುಮನಾಬಾದಿನ ಇಂಗ್ಲಿಷ್ ಜಡ್ಜ್

ಕಪ್ಪು ಕೋಟು ತೊಟ್ಟರೆ ಅಜೀಜ್ ಸಾಹೇಬರು ಇಂಗ್ಲೆಂಡಿನವರಾಗುತ್ತಿದ್ದರು. ಹುಬ್ಬು ಮೇಲೇರುತ್ತಿತ್ತು, ತುಟಿ ಬಿಗಿಯುತ್ತಿತ್ತು, ಎದುರಿಗಿದ್ದವರು ಯಾರೇ ಆಗಲಿ ಅವರ ಕಣ್ಣಿಗೆ ಹುಳದಂತೆ ಕಾಣುತ್ತಿದ್ದರು. ಮೈಬಣ್ಣ ಮೊದಲೇ ಕೆಂಪು, ಕಣ್ಣು ಬೆಕ್ಕಿನ ಕಣ್ಣು. ಕೋಟು ಕಳಚಿದರೆ ಮಾತ್ರ ಅವರು ಬಸವಕಲ್ಯಾಣದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಒಮ್ಮೆ ಹೆಣ್ಣುಮಗಳೊಬ್ಬಳು ಉಟ್ಟು ಒಗೆದ ಸೀರೆಯನ್ನೇ ತಂದು ಬಣ್ಣ ಸರಿಯಿಲ್ಲವೆಂದು ಜಗಳ ತೆಗೆದಳು. ಸಾಹೇಬರು, "ತಪ್ಪು ನಮ್ದೇ ಅದ ಬಾಯಿ" ಎಂದು ಬೇರೆ ಸೀರೆ ಕೊಟ್ಟು, ಚಹಾ ತರಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ತೊಂಬತ್ತರ ದಶಕದಲ್ಲಿ ಸ್ವಾತಂತ್ರ್ಯ ದಿನದ ನಾಟಕಗಳಲ್ಲಿ ಬ್ರಿಟಿಷ್ ಜಡ್ಜನ ಪಾತ್ರ ಬಂತೆಂದರೆ ಶಾಲೆಯವರು ಅವರ ಅಂಗಡಿಗೇ ಹೋಗುತ್ತಿದ್ದರು. ಅವರು ಮೇಜು ಕುಟ್ಟಿ ಗಲ್ಲುಶಿಕ್ಷೆ ಕೊಟ್ಟಾಗ ಮುಂದಿನ ಸಾಲಿನ ಹುಡುಗರು ಚಪ್ಪಲಿ ತೂರಿದ್ದೂ ಉಂಟು. ಪರದೆ ಬಿದ್ದ ಕೂಡಲೇ ಸಾಹೇಬರು ಆ ಚಪ್ಪಲಿಗಳನ್ನು ಜೋಡಿಸಿ, "ಯಾರ್ದಪ್ಪಾ ಇದು, ಬರಿಗಾಲಿಲೆ ಮನಿಗಿ ಹೋದೀರಿ" ಎಂದು ಹುಡುಕಿ ಕೊಡುತ್ತಿದ್ದರು.

ಆಮೇಲೆ ಮನೆಮನೆಗೆ ಕೇಬಲ್ ಬಂತು, ಹಾಡಿನ ಸ್ಪರ್ಧೆಗಳ ಹುಚ್ಚೂ ಬಂತು. ಯಾವುದೋ ಇಂಗ್ಲಿಷ್ ಕಾರ್ಯಕ್ರಮದಲ್ಲಿ ಒಬ್ಬ ಬಿಳಿಯ ಜಡ್ಜ್ ಹಾಡಿದವರನ್ನೆಲ್ಲ ಬೈದು ಅಳಿಸುತ್ತಿದ್ದ. ಭಾಷೆ ಅರ್ಥವಾಗದಿದ್ದರೂ ಜನ ಬೈಗುಳಕ್ಕಾಗಿ ಅದನ್ನು ನೋಡುತ್ತಿದ್ದರು. ಹುಮನಾಬಾದಿನಲ್ಲಿ ಕೇಬಲ್ ನಡೆಸುತ್ತಿದ್ದ ಶಿವರಾಜಪ್ಪನಿಗೆ ಉಪಾಯ ಹೊಳೆಯಿತು. ತಾನೂ ಒಂದು ಸ್ಪರ್ಧೆ ಇಟ್ಟ. ಇಬ್ಬರು ಸಂಗೀತ ಮಾಸ್ತರರ ನಡುವೆ ಕೂತು ಬೈಯಲು ಅಜೀಜ್ ಸಾಹೇಬರನ್ನು ಕರೆದ. ಹುಮನಾಬಾದಿನ ಪಕ್ಕದ ಮಾಣಿಕನಗರದ ಗುಡಿಯಲ್ಲಿ ಹಾಡಿಕೆ ಕೇಳುತ್ತಲೇ ಬೆಳೆದ ಕಿವಿ ಅವರದು. "ಸುಳ್ಳು ಬೈಲಿಕ್ಕಿ ನನಗ ಬರಂಗಿಲ್ರಿ. ಬೈದರ ಖರೇನೇ ಬೈತೀನಿ" ಎಂದು ಹೇಳಿಯೇ ಒಪ್ಪಿಕೊಂಡರಂತೆ.

ಮೊದಲ ವಾರವೇ ಊರು ಅವರಿಗೆ ಮರುಳಾಯಿತು. ಆಟೋ ಓಡಿಸುವವನೊಬ್ಬನಿಗೆ, "ನಿಮ್ಮ ಹಾರ್ನ್ ಇದಕ್ಕಿಂತ ಸುರ್‌ನಾಗ ಅದ, ಮುಂದಿನ ಸಲ ಅದನ್ನೇ ಕಳಸ್ರಿ" ಎಂದರು. ಆ ಮನುಷ್ಯ ಅದನ್ನು ಆಟೋ ಹತ್ತಿದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ನಾನು ಆಗ ಬೇಮಳಖೇಡದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಗೆದ್ದವರಿಗೆ ಹಾರ್ಮೋನಿಯಂ ಕೊಡುತ್ತಾರೆಂದು ಕೇಳಿ ಹೆಸರು ಕೊಟ್ಟಿದ್ದೆ. ಒಂದು ಸಿನಿಮಾ ಹಾಡನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೇ, ಉಸಿರಿಗೆ ಉಸಿರು ಹೊಂದಿಸಿ ಹಾಡಿದೆ. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಹುಬ್ಬೇರಿಸಿದರು.

"ಬಾಯಿ, ಟೇಪ್ ಭಾಳ ಛಲೋ ಹಾಡ್ತು. ಅದರ ಹಿಂದ ನೀವು ಎಲ್ಲಿ ಅಡಗಿ ಕುಂತೀರಿ? ಮುಂದಿನ ವಾರ ಬರ್ರಿ. ಬರೋವಾಗ ನಿಮ್ಮನ್ನ ಕರ್ಕೊಂಡ್ ಬರ್ರಿ."

ಊರೆಲ್ಲ ನಕ್ಕಿತು. ಬಸ್ಸಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮನೆಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತ ತನ್ನಷ್ಟಕ್ಕೆ ಬೀಸುವ ಪದವೊಂದನ್ನು ಗುನುಗುತ್ತಿದ್ದಳು. ಹುಟ್ಟಿದಂದಿನಿಂದ ಕೇಳಿದ್ದ ಪದ. ಹಾಡು ಎಂದು ಅದನ್ನು ನಾನು ಎಣಿಸಿಯೇ ಇರಲಿಲ್ಲ. ಮುಂದಿನ ವಾರ ಅದನ್ನೇ ಹಾಡಿದೆ. ಸಾಹೇಬರು ಹುಬ್ಬು ಇಳಿಸಿದರು. ಆಮೇಲೆ "ಠೀಕ್ ಅದ" ಎಂದರು. ಅಷ್ಟು ವಾರಗಳಲ್ಲಿ ಅವರು ಯಾರಿಗೂ ಅಷ್ಟು ಅಂದಿರಲಿಲ್ಲ.

ಕೊನೆಯ ಸುತ್ತಿಗೆ ನಾನೂ, ಬಾಬುರಾವ ಎಂಬ ಕಂತ್ರಾಟುದಾರರ ಮಗ ಸಚಿನ್ನನೂ ಉಳಿದೆವು. ಪೆಂಡಾಲು ಬಾಬುರಾವರದು, ಹಾರ್ಮೋನಿಯಂ ಕೊಡಿಸಿದವರೂ ಅವರೇ. ಶುರುವಾಗುವ ಮುಂಚೆ ಪರದೆಯ ಆಚೆ ಶಿವರಾಜಪ್ಪ ಮೆಲ್ಲಗೆ ಹೇಳುವುದು ನನಗೆ ಕೇಳಿಸಿತು.

"ಸಾಹೇಬ್ರ, ಹುಡುಗನ್ನ ಜರಾ ನೋಡ್ಕೋರಿ. ಮಾಸ್ತರಗೋಳಿಗಿ ಹೇಳೀನಿ."

"ಆಯ್ತ್ರಿ" ಎಂದರು ಸಾಹೇಬರು. ಒಗೆದ ಸೀರೆ ವಾಪಸು ತೆಗೆದುಕೊಂಡಾಗಿನ ದನಿಯೇ ಅದು. ನನಗೆ ಎದ್ದು ಬಸ್ ನಿಲ್ದಾಣಕ್ಕೆ ಹೋಗಿಬಿಡೋಣವೆನ್ನಿಸಿತು. ಆದರೆ ಅವ್ವ ಜನರ ನಡುವೆ ಕೂತಿದ್ದಳು.

ನಾನು ಹಾಡಿ ಇಳಿದೆ. ಸಚಿನ್ ಜರಿಯ ಕುರ್ತಾ ತೊಟ್ಟು ಬಂದು ಹಾಡಿದ. ಮೇಲಿನ ಸ್ವರಕ್ಕೆ ಏರಿದಲ್ಲೆಲ್ಲ ಜಾರಿದ. ಮುಂದಿನ ಸಾಲಿನಲ್ಲಿ ಬಾಬುರಾವರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರು ಅವರನ್ನು ನೋಡಿ ತಟ್ಟಿದರು. ಕ್ಯಾಮೆರಾ ಸಾಹೇಬರ ಕಡೆ ತಿರುಗಿತು. ಅವರು ಕೋಟಿನ ಗುಂಡಿ ಹಾಕಿಕೊಂಡರು.

"ಕುರ್ತಾ ಭಾಳ ಛಂದ ಅದ. ಯಾರು ಹೊಲಿದಾರ?"

ಸಚಿನ್ ನಾಚುತ್ತ ಟೇಲರನ ಹೆಸರು ಹೇಳಿದ.

"ಹಾಡೂ ಅವರ ಕಡೇನೇ ಒಯ್ರಿ. ಅಲ್ಲಲ್ಲಿ ಹೊಲಿಗಿ ಬಿಚ್ಚ್ಯಾದ."

ಎಲ್ಲರೂ ಬಾಬುರಾವರ ಮುಖ ನೋಡಿದರು. ಇಷ್ಟು ವಾರ ಇತರರು ಬೈಸಿಕೊಂಡಾಗ ಹೊಟ್ಟೆ ಹಿಡಿದು ನಕ್ಕವರು ಅವರು. ಈಗ ನಗದೆ ದಾರಿಯಿರಲಿಲ್ಲ. ನಕ್ಕರು. ಆಗ ಇಡೀ ಪೆಂಡಾಲು ನಕ್ಕಿತು, ಸಚಿನ್ನನೂ ತಲೆ ಕೆರೆದುಕೊಂಡು ನಕ್ಕ. ಸಾಹೇಬರ ಎಡಬಲದಲ್ಲಿದ್ದ ಮಾಸ್ತರರು ಬರೆದ ಅಂಕ ಹೊಡೆದುಹಾಕಿ ಬೇರೆ ಬರೆಯುವುದನ್ನು ಕೇಬಲ್ ಇದ್ದ ಮನೆಗಳೆಲ್ಲ ನೋಡಿದವು. ಹಾರ್ಮೋನಿಯಮ್ಮನ್ನು ಬಾಬುರಾವರೇ ನನ್ನ ಕೈಗೆ ಕೊಟ್ಟರು. ಅವ್ವ ಸಿಳ್ಳೆ ಹೊಡೆದಳು. ಆಕೆಗೆ ಸಿಳ್ಳೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಪರದೆಯ ಹಿಂದೆ ಶಿವರಾಜಪ್ಪ, "ಆಯ್ತ್ರಿ ಅಂದಿದ್ರಲ್ಲ ಸಾಹೇಬ್ರ?" ಎಂದು ಕೇಳಿದ.

ಸಾಹೇಬರು ಕೋಟು ಕಳಚಿ ಮಡಚುತ್ತಿದ್ದರು. "ನಾ ಅಂದಿದ್ದೆ ಖರೆ" ಎಂದರು. "ಇಂಗ್ಲೆಂಡಿನವ ಕೇಳ್ಲಿಲ್ರಿ."

ಆ ಹಾರ್ಮೋನಿಯಂ ನನ್ನ ಬದುಕನ್ನೇ ಬದಲಿಸಿತು. ಮೊದಲು ಓಣಿಯ ಮಕ್ಕಳಿಗೆ ಕಲಿಸಿದೆ, ಆಮೇಲೆ ಜೆರಾಕ್ಸ್ ಅಂಗಡಿ ಬಿಟ್ಟೆ, ಆಮೇಲೆ ಊರೂರಿನಿಂದ ಹಾಡಲು ಕರೆ ಬಂತು. ಸಾಹೇಬರನ್ನು ಕೊನೆಗೆ ನೋಡಿದ್ದು ಬಸವಕಲ್ಯಾಣದಲ್ಲಿ ನನ್ನದೇ ಕಾರ್ಯಕ್ರಮವಿದ್ದಾಗ. ಕೋಲೂರಿಕೊಂಡು ಬಂದು ಮುಂದೆಯೇ ಕೂತಿದ್ದರು. ಮುಗಿದ ಮೇಲೆ ಕಾಲುಮುಟ್ಟಿ, ಹ್ಯಾಂಗಾಯ್ತ್ರಿ ಎಂದೆ.

"ಎರಡನೇ ಪದ ಅವಸರ ಮಾಡಿದಿ ಬೇಟಿ" ಎಂದರು. ಸ್ವಲ್ಪ ತಡೆದು, "ಅವ್ವನ ಪದಕ್ಕ ನಾ ಏನೂ ಅನ್ನಂಗಿಲ್ಲ" ಎಂದರು.

ಬೇಡವೆಂದರೂ ಬಸ್ ನಿಲ್ದಾಣದವರೆಗೆ ನಡೆದು ಬಂದರು. ಅವರು ತೀರಿಕೊಂಡ ಸುದ್ದಿ ಬಂದದ್ದು ಅದಾದ ಕೆಲವು ತಿಂಗಳ ಮೇಲೆ. ನನ್ನನ್ನು ಬೀಳ್ಕೊಟ್ಟ ಆ ದಿನ ಬಸ್ಸು ತುಂಬಿತ್ತು. ಸಾಹೇಬರು ಮೆಟ್ಟಿಲ ಬಳಿ ನಿಂತು, ಜನರಿಗೆಲ್ಲ ಕೇಳುವಂತೆ ಕಂಡಕ್ಟರನಿಗೆ ಹೇಳಿದರು: "ಇವರಿಗಿ ಮುಂದಿನ ಸೀಟ್ ಕೊಡ್ರಿ. ದೊಡ್ಡ ಹಾಡಗಾರ್ತಿ ಇದ್ದಾರ."

ಕಂಡಕ್ಟರ್ ನನ್ನ ಮುಖ ನೋಡಿ, ಸೀಟಿನ ಮೇಲಿದ್ದ ತನ್ನ ಚೀಲ ಎತ್ತಿಕೊಂಡ. ಹುಮನಾಬಾದ್ ಬರುವವರೆಗೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ.